ಟೇಪು, ಕ್ಯಾಲಿಪರ್ ಮತ್ತು ಕುಗ್ಗಿದ ಮರಗಳು

ಮರದ ದಪ್ಪ ಅಳೆಯುವುದು ಒಂದು ನೌಕರಿ ಎಂದರೆ ನಾನಿರುವ ಬಿಲ್ಡಿಂಗಿನವರು ಈಗಲೂ ನಗುತ್ತಾರೆ. ಅವರದೇನೂ ತಪ್ಪಲ್ಲ. ಸೇರುವ ಮೊದಲು ನನಗೂ ಅಂಥದ್ದೊಂದು ನೌಕರಿ ಇದೆಯೆಂದು ಗೊತ್ತಿರಲಿಲ್ಲ. ಮುಂಬೈಯ ಪರೇಲಿನ ಒಂದು ಹಳೆಯ ಮಿಲ್ಲಿನ ಕಾಂಪೌಂಡಿನೊಳಗೆ ನಮ್ಮ ಸರ್ವೇ ಕಚೇರಿ ಇತ್ತು. ಬಿಲ್ಡಿಂಗ್ ಕೆಡವಿ ಕಟ್ಟುವವರು, ರಸ್ತೆ ಅಗಲ ಮಾಡುವವರು, ಕಾಂಪೌಂಡ್ ಗೋಡೆ ಸರಿಸುವವರು, ಇವರೆಲ್ಲರಿಗೂ ಮೊದಲು ಆ ಜಾಗದ ಮರಗಳ ಪಟ್ಟಿ ಬೇಕು. ಯಾವ ಜಾತಿ, ಎಷ್ಟು ಎತ್ತರ, ಎಷ್ಟು ದಪ್ಪ, ಆರೋಗ್ಯ ಹೇಗಿದೆ. ಆ ಪಟ್ಟಿ ಮಾಡಿಕೊಡುವುದು ನಮ್ಮ ಕೆಲಸ. ಬಾದಾಮಿ ಕಡೆಯಿಂದ ಬಂದು ಈ ಶಹರದಲ್ಲಿ ರಸ್ತೆ ಅಗೆಯುತ್ತಿದ್ದ ನನ್ನ ತಂದೆ ಊರಿಗೆ ಹೋದಾಗ, "ನಮ್ಮ ಬಸಪ್ಪ ನೆರಳಾಗ ಕೆಲಸ ಮಾಡ್ತಾನ" ಎಂದು ಹೇಳಿಕೊಳ್ಳುತ್ತಿದ್ದರು. ಆಫೀಸಿನ ಫ್ಯಾನಿನ ಕೆಳಗಿನ ಕುರ್ಚಿ ಎಂದು ಕೇಳಿದವರು ತಿಳಿದುಕೊಳ್ಳುತ್ತಿದ್ದರು. ಮಾತು ಸುಳ್ಳೇನೂ ಆಗಿರಲಿಲ್ಲ.

ಈಚೆಗೆ ಈ ಕೆಲಸಕ್ಕೆ ಸೇರಿದ ಇಬ್ಬರು ಮೂವರು ನನಗೆ ಫೋನ್ ಮಾಡಿದ್ದರು. ಯಾವ ಸಾಧನದಿಂದ ಅಳೆದರೆ ಒಳ್ಳೆಯದು ಎಂದು ಅವರ ಪ್ರಶ್ನೆ. ಫೋನಿನಲ್ಲಿ ಒಂದು ಮಾತಿನಲ್ಲಿ ಹೇಳುವ ಉತ್ತರ ನನ್ನಲ್ಲಿರಲಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ.

ನನಗೆ ಕೆಲಸ ಕಲಿಸಿದವರು ಸದಾನಂದಣ್ಣ. ಉಡುಪಿ ಕಡೆಯವರು, ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅಣ್ಣನ ಜೊತೆ ಹೋಟೆಲಿಗೆಂದು ಮುಂಬೈಗೆ ಬಂದು, ಅಡುಗೆಮನೆಯ ಹೊಗೆ ಆಗಿಬರದೆ ಇತ್ತ ತಿರುಗಿದವರು. ಮೊದಲ ದಿನವೇ ಅವರು ನನ್ನ ಕೈಗೆ ಕೊಟ್ಟದ್ದು ಟೇಪಲ್ಲ, ಒಂದು ಬಿದಿರಿನ ಕೋಲು. ನೆಲದಿಂದ ನಾಲ್ಕೂವರೆ ಅಡಿಗೆ ಅದರ ಮೇಲೆ ಕೆಂಪು ಬಣ್ಣದ ಪಟ್ಟಿ. ಮರದ ದಪ್ಪವನ್ನು ಎಲ್ಲಿ ಬೇಕೆಂದರಲ್ಲಿ ಅಳೆಯುವುದಿಲ್ಲ. ಬುಡದಲ್ಲಿ ಬೇರುಗಳು ಹರಡಿ ಅಗಲವಾಗಿರುತ್ತದೆ, ಮೇಲೆ ಕೊಂಬೆ ಒಡೆಯುತ್ತದೆ. ಹಾಗಾಗಿ ಎದೆಮಟ್ಟದಲ್ಲಿ ಅಳೆಯಬೇಕೆಂಬುದು ಎಲ್ಲ ಕಡೆಯ ಪದ್ಧತಿ.

"ಎದಿಮಟ್ಟ ಅಂದ್ರ ಯಾರ ಎದಿರಿ?" ಎಂದು ನಾನು ಕೇಳಿದೆ.

"ಅದೇ ಮಾರಾಯ, ನಿನ್ನ ಎದೆ ಬೇರೆ, ನನ್ನದು ಬೇರೆ. ಆ ಜಗಳ ಬೇಡ ಅಂತಲೇ ಕೋಲು ಇರುವುದು," ಎಂದರು. "ಕೋಲು ಇಡು, ಸುಣ್ಣದಲ್ಲಿ ಗೀರು ಹಾಕು, ಆಮೇಲೆ ಟೇಪು."

ಆಗ ನಮ್ಮಲ್ಲಿ ಇದ್ದದ್ದು ಬಟ್ಟೆ ಟೇಪು, ದರ್ಜಿಗಳದಕ್ಕಿಂತ ಅಗಲ, ಚರ್ಮದ ಡಬ್ಬಿಯಲ್ಲಿ ಸುತ್ತಿದ್ದು. ಅದನ್ನು ಮರಕ್ಕೆ ಸುತ್ತಿದರೆ ಸುತ್ತಳತೆ ಸಿಗುತ್ತದೆ. ವ್ಯಾಸ ಬೇಕೆಂದರೆ ಮೂರು ಪಾಯಿಂಟ್ ಒಂದು ನಾಲ್ಕರಿಂದ ಭಾಗಿಸಬೇಕು. ಕೇಳಲು ಸುಲಭ. ಆದರೆ ಮರದ ಹಿಂಬದಿಯಲ್ಲಿ ಟೇಪು ಸ್ವಲ್ಪ ಜೋತುಬಿದ್ದರೂ ಅಳತೆ ಹೆಚ್ಚು ತೋರಿಸುತ್ತದೆ. ಎದುರು ನಿಂತವನಿಗೆ ಅದು ಕಾಣುವುದಿಲ್ಲ. ಸದಾನಂದಣ್ಣ ಪ್ರತಿ ಮರಕ್ಕೂ ಒಂದು ಸುತ್ತು ಬಂದು ನೋಡಿಯೇ ಅಂಕಿ ಕೂಗುತ್ತಿದ್ದರು. ಇನ್ನೊಂದು ತೊಂದರೆ, ನಾಲ್ಕು ಮಳೆಗಾಲ ಕಂಡ ಬಟ್ಟೆ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ. ಉದ್ದವಾದ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆ. ಕಚೇರಿಯ ನೆಲದಲ್ಲಿ ಅವರು ಎರಡು ಮೀಟರ್ ಅಂತರಕ್ಕೆ ಎರಡು ಗುರುತು ಕೆತ್ತಿಸಿದ್ದರು. ತಿಂಗಳಿಗೊಮ್ಮೆ ಬಗ್ಗಿ ಕುಳಿತು ಟೇಪನ್ನು ಅದರ ಮೇಲೆ ಹಾಸಿ ನೋಡುವರು. ಒಂದು ಬೆರಳು ಹೆಚ್ಚಾಯಿತೆಂದರೆ ಆ ಟೇಪು ಕಸದ ಬುಟ್ಟಿಗೆ.

ಆಮೇಲೆ ಸ್ಟೀಲಿನ ಟೇಪು ಬಂತು. ಅದರ ಒಂದು ಬದಿಯಲ್ಲಿ ಸಾಧಾರಣ ಸೆಂಟಿಮೀಟರ್. ಇನ್ನೊಂದು ಬದಿಯಲ್ಲಿ ಭಾಗಾಕಾರವನ್ನು ಮೊದಲೇ ಮಾಡಿ ಮುದ್ರಿಸಿರುತ್ತಾರೆ, ಮರಕ್ಕೆ ಸುತ್ತಿದರೆ ನೇರವಾಗಿ ವ್ಯಾಸವೇ ಓದಲು ಸಿಗುತ್ತದೆ. ನನಗೆ ತುಂಬ ಇಷ್ಟವಾದ ಸಾಧನ ಇದು, ನನ್ನ ಮೊದಲ ದೊಡ್ಡ ಎಡವಟ್ಟೂ ಇದರಿಂದಲೇ. ಪವಾಯಿ ಕೆರೆಯ ಪಕ್ಕದ ಒಂದು ವಸತಿ ಸಂಕೀರ್ಣದಲ್ಲಿ ಅರವತ್ತು ಮರಗಳನ್ನು ಅಳೆದು, ಸುತ್ತಳತೆಯ ಕಾಲಮ್ಮಿನಲ್ಲಿ ವ್ಯಾಸದ ಬದಿಯ ಅಂಕಿಗಳನ್ನು ಬರೆದು ಬಂದೆ. ಎರಡು ಕೈಗಳ ತೆಕ್ಕೆಗೆ ಸಿಗದ ಮಳೆಮರಗಳೆಲ್ಲ ಕಾಗದದಲ್ಲಿ ಮೂರರಲ್ಲಿ ಒಂದು ಪಾಲಿಗೆ ಇಳಿದು ಸಪೂರವಾದವು.

ನಮ್ಮ ಸಾಹೇಬರು ದೇಶಮುಖರು, ಅಕ್ಕಲಕೋಟದವರು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಗಡಿ ಕಡೆಯ ಕನ್ನಡ. ಅವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನು ಕರೆದರು.

"ಬಸಪ್ಪಾ, ಇದು ಪವಾಯಿ ಏನು, ಇಲ್ಲಾ ಯಾವುದಾರ ನರ್ಸರಿ?"

ನಾನು ಪಟ್ಟಿ ನೋಡಿದೆ, ಟೇಪು ನೋಡಿದೆ, ನನಗೇ ಅರ್ಥವಾಯಿತು. ಸಾಹೇಬರು ಬೈಯಲಿಲ್ಲ. "ನಾಳೆ ಹೋಗಿ ಮತ್ತ ಎಲ್ಲಾ ಅಳಕೊಂಡು ಬಾ. ಮೂರು ಪಟ್ಟು ಮಾಡಿ ಬರಿಬ್ಯಾಡ," ಎಂದರು. ನಾನು ಮನಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕುತ್ತಿದ್ದೆ. ಮರುದಿನ ಹೋಗಿ ಅರವತ್ತನ್ನೂ ಮತ್ತೆ ಅಳೆದೆ. ಅಂದಿನಿಂದ ವ್ಯಾಸದ ಬದಿಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟುಕೊಂಡೆ. ನೀವೂ ಇಟ್ಟುಕೊಳ್ಳಿ.

ಅಳತೆ ಪಟ್ಟಿ ಎಂದು ಇನ್ನೊಂದಿದೆ. ಮರದ ಅಡ್ಡಪಟ್ಟಿ, ಅದರ ಮೇಲೆ ಗುರುತುಗಳು. ತೋಳು ಚಾಚಿ ಮರಕ್ಕೆ ಆನಿಸಿ ಹಿಡಿದು, ಒಂದೇ ಕಣ್ಣಿನಲ್ಲಿ ನೋಡಿದರೆ ವ್ಯಾಸ ಅಂದಾಜಾಗುತ್ತದೆ. ಹಿಡಿಯುವವನ ತೋಳು ಇಷ್ಟೇ ಉದ್ದ ಎಂದು ಲೆಕ್ಕ ಹಾಕಿ ಗುರುತು ಕೊರೆದಿರುತ್ತಾರೆ. ನನ್ನ ತೋಳಿಗೆ ಅದು ಎಂದೂ ಸರಿಹೊಂದಲಿಲ್ಲ. ಒಂದು ದಿನದಲ್ಲಿ ಸಾವಿರ ಮರದ ಅಂದಾಜು ಬೇಕೆಂದಾಗ ಉಪಯೋಗಕ್ಕೆ ಬರುತ್ತದೆ, ಸಹಿ ಹಾಕುವ ಕಾಗದಕ್ಕೆ ಬಾರದು.

ಈಗಿನ ಫೋನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ನಿವೃತ್ತನಾಗುವ ಹಿಂದಿನ ವರ್ಷ ಕಚೇರಿಗೆ ನಿಶಾ ಎಂಬ ಎಂಜಿನಿಯರ್ ಬಂದಳು. ಅವಳ ತಂದೆ ತಾಯಿ ಕನ್ನಡದವರು, ಅವಳ ಕನ್ನಡ ನಡುನಡುವೆ ನಿಂತು ಹೊರಡುತ್ತಿತ್ತು. "ಅಂಕಲ್, ಇದು ಡೈರೆಕ್ಟ್ ಡಯಾಮೀಟರ್ ಕೊಡ್ತದೆ. ಮರಕ್ಕೆ ಟಚ್ ಮಾಡೋದು ಕೂಡ ಜರೂರತ್ ಇಲ್ಲ," ಎಂದು ಫೋನ್ ತೋರಿಸಿದಳು. ಇಬ್ಬರೂ ಹೋಗಿ ಹನ್ನೆರಡು ಮರಗಳನ್ನು ಟೇಪಿನಲ್ಲೂ ಫೋನಿನಲ್ಲೂ ಅಳೆದೆವು. ತೆಂಗು, ರಾಯಲ್ ಪಾಮ್‌ಗಳಲ್ಲಿ ಫೋನು ನನ್ನ ಟೇಪಿಗೆ ಕೂದಲೆಳೆಯಷ್ಟೂ ಬಿಟ್ಟುಕೊಡಲಿಲ್ಲ. ಮನಿಪ್ಲಾಂಟ್ ಬಳ್ಳಿ ಹಬ್ಬಿದ ಒಂದು ಅತ್ತಿಮರವನ್ನು ಮಾತ್ರ ಬಳ್ಳಿ ಸಮೇತ ಅಳೆದು ಡ್ರಮ್ಮಿನಷ್ಟು ದಪ್ಪ ಮಾಡಿಬಿಟ್ಟಿತು. ಅವಳು ನಕ್ಕು, ಬಳ್ಳಿ ಇರುವ ಮರಗಳಿಗೆ ಟೇಪು ಎಂದು ತಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೊಸ ಸಾಧನದ ಜೊತೆ ಹಾಗೆ ನಡೆದುಕೊಳ್ಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ನಾನು ಹಾಗೆ ನಡೆದುಕೊಳ್ಳದ ಒಂದು ಸಂಗತಿ ಇದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಫೋನಿಗಿಂತ ಎಷ್ಟೋ ವರ್ಷ ಹಿಂದಿನದು.

ಆ ವರ್ಷ ಕಚೇರಿಗೆ ಕ್ಯಾಲಿಪರ್ ಬಂದಿತ್ತು. ಉದ್ದನೆಯ ಅಲ್ಯೂಮಿನಿಯಮ್ ಪಟ್ಟಿ, ಅದಕ್ಕೆ ಎರಡು ತೋಳು. ಒಂದು ತೋಳು ಅಲ್ಲಾಡುವುದಿಲ್ಲ, ಇನ್ನೊಂದು ಪಟ್ಟಿಯ ಮೇಲೆ ಸರಿಯುತ್ತದೆ. ಮರವನ್ನು ಎರಡು ತೋಳುಗಳ ನಡುವೆ ಹಿಡಿದು ಪಟ್ಟಿಯ ಮೇಲಿನ ಅಂಕಿ ಓದಿದರಾಯಿತು. ಸುತ್ತು ಬರುವುದು ಬೇಡ, ಟೇಪಿನ ಇನ್ನೊಂದು ತುದಿ ಹಿಡಿಯಲು ಮತ್ತೊಬ್ಬ ಬೇಡ. ಟೇಪಿನಲ್ಲಿ ಇಬ್ಬರು ಇಡೀ ದಿನ ಮಾಡುವ ಕೆಲಸ ಒಬ್ಬನಿಂದ ಮಧ್ಯಾಹ್ನದೊಳಗೆ ಆಗುತ್ತಿತ್ತು. ಸಾಹೇಬರು ಅದನ್ನು ನನ್ನ ವಶಕ್ಕೆ ಕೊಟ್ಟರು. ಆಗಲೇ ನಿವೃತ್ತಿಯ ಹತ್ತಿರ ಬಂದಿದ್ದ ಸದಾನಂದಣ್ಣ ಅದನ್ನು ಕೈಯಲ್ಲಿ ಹಿಡಿದು ಸರಿಯುವ ತೋಳನ್ನು ಅಲ್ಲಾಡಿಸಿ ನೋಡಿದರು.

"ಇದು ಸಡಿಲ ಉಂಟಲ್ಲ," ಎಂದರು.

"ಹೊಸಾದ್ರಿ. ಸರಿಯಾಕ ಅಷ್ಟು ಸಡಿಲ ಬೇಕ ಬೇಕು," ಎಂದೆ. ಅವರು ಅದನ್ನು ಹಿಂದಕ್ಕೆ ಕೊಟ್ಟರು.

ಮಲಾಡಿನ ಒಂದು ಹೌಸಿಂಗ್ ಸೊಸೈಟಿಯವರು ಕಾರು ನಿಲ್ಲಿಸುವ ಜಾಗವನ್ನು ದೊಡ್ಡದು ಮಾಡಬೇಕೆಂದಿದ್ದರು. ಅವರಲ್ಲಿ ನಲವತ್ತಮೂರು ಮರಗಳಿದ್ದವು. ನಾಲ್ಕು ವರ್ಷ ಹಿಂದೆ ಸದಾನಂದಣ್ಣ ಅವುಗಳ ಪಟ್ಟಿ ಮಾಡಿ, ಪ್ರತಿ ಮರಕ್ಕೂ ಬಿಳಿ ಪೇಂಟಿನಲ್ಲಿ ನಂಬರ್ ಬರೆದಿದ್ದರು. ಹಳೆಯ ಪಟ್ಟಿ ನಡೆಯುವುದಿಲ್ಲ, ಹೊಸದು ಬೇಕೆಂದು ಮಳೆಗಾಲ ಮುಗಿದ ಮೇಲೆ ನನ್ನನ್ನು ಕಳಿಸಿದರು. ನಾನು ಕ್ಯಾಲಿಪರ್ ಹೆಗಲಿಗೇರಿಸಿಕೊಂಡು ಒಬ್ಬನೇ ಹೋದೆ. ಊಟದ ಹೊತ್ತಿಗೆ ಮುಗಿಸಿ ಬಂದೆ.

ಹೊಸ ಪಟ್ಟಿಯನ್ನು ಹಳೆಯದರ ಪಕ್ಕ ಇಟ್ಟಾಗ ಹನ್ನೊಂದು ಮರಗಳು ಕುಗ್ಗಿದ್ದವು. ಒಂದೆರಡು ಅಂಗುಲ ಅಲ್ಲ. ಹದಿನೇಳನೇ ನಂಬರಿನ ಮಾವಿನಮರ ನಾಲ್ಕು ವರ್ಷ ಹಿಂದೆ ಸುತ್ತಳತೆಯಲ್ಲಿ ನೂರಾ ಎಂಬತ್ತನಾಲ್ಕು ಸೆಂಟಿಮೀಟರ್ ಎಂದು ಬರೆದಿತ್ತು. ವ್ಯಾಸಕ್ಕೆ ಇಳಿಸಿದರೆ ಐವತ್ತೆಂಟೂವರೆ. ನನ್ನ ಕ್ಯಾಲಿಪರ್ ತೋರಿಸಿದ್ದು ಐವತ್ತೊಂದು.

ಸೊಸೈಟಿಯ ಸೆಕ್ರೆಟರಿಯ ಕೈಗೂ ಎರಡು ಪಟ್ಟಿಗಳು ಹೋಗಿದ್ದವು. ಅವರು ಕಚೇರಿಗೆ ಬಂದು ಸಾಹೇಬರ ಎದುರು ಕುಳಿತರು. "ಪೇಡ್ ಛೋಟಾ ಹೋ ರಹಾ ಹೈ ಸಾಬ್, ಮತಲಬ್ ಅಂದರ್ ಸೇ ಮರ್ ಗಯಾ," ಎಂದರು. ಮರ ಸಣ್ಣದಾಗುತ್ತಿದೆ ಎಂದರೆ ಒಳಗೇ ಸತ್ತಿದೆ ಎಂಬುದು ಅವರ ವಾದ. ಸತ್ತಿಲ್ಲವಾದರೆ ಹಿಂದಿನ ಪಟ್ಟಿ ಸುಳ್ಳು, ಅದನ್ನು ಮಾಡಿದವನು ಎಲ್ಲೋ ಚಹಾದಂಗಡಿಯಲ್ಲಿ ಕುಳಿತು ಬರೆದಿರಬೇಕು. ಎರಡರಲ್ಲಿ ಯಾವುದು ಎಂದು ನೀವೇ ಬರೆದುಕೊಡಿ ಎಂದು ಹೇಳಿ ಹೋದರು. ಹದಿನೇಳನೇ ನಂಬರಿನ ಮಾವು ಅವರ ಹೊಸ ಪಾರ್ಕಿಂಗಿನ ನಟ್ಟನಡುವೆ ಬರುತ್ತಿತ್ತು.

ಸಾಹೇಬರು ನಮ್ಮಿಬ್ಬರನ್ನೂ ಕರೆದರು.

"ಸದಾನಂದ, ಮರ ಹಿಂದಕ್ಕ ಬೆಳಿತಾವೇನು?"

"ನಾನು ಟೇಪು ಸುತ್ತಿಯೇ ಬರೆದದ್ದು ಸಾಹೇಬರೆ," ಎಂದರು ಅವರು.

"ಬಸಪ್ಪಾ, ನಿನ್ನ ಅಳತಿ ಖಾತ್ರಿ ಐತೇನು?"

"ಐತ್ರಿ ಸಾಹೇಬ್ರ."

ಇದನ್ನು ಹೇಳಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಯಾಕೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಸದಾನಂದಣ್ಣನ ಮೊಣಕಾಲು ಆಗ ಹಾಳಾಗಿತ್ತು. ಒಂದೆರಡು ಸಲ ಅವರು ದೂರದಲ್ಲೇ ನಿಂತು ಮರ ನೋಡಿ ಅಂಕಿ ಹೇಳಿದ್ದನ್ನು ನಾನೇ ಕಂಡಿದ್ದೆ. ಹಾಗಾಗಿ ಸೆಕ್ರೆಟರಿಯ ಮಾತು ನಂಬಲು ಅಸಾಧ್ಯವೇನೂ ಅನ್ನಿಸಲಿಲ್ಲ. ಅದರ ಜೊತೆಗೆ ಹೊಸ ಸಾಧನ ನನ್ನ ಕೈಯಲ್ಲಿತ್ತು. ಸಾಹೇಬರು ಒಂದು ಕಾಗದ ಮುಂದೆ ಸರಿಸಿದರು. ಎರಡನೆಯ ಅಳತೆ ಸರಿಯಾದದ್ದು, ಹದಿನೇಳನೇ ಮರ ಕ್ಷೀಣಿಸುತ್ತಿರುವ ಸಂಭವವಿದೆ ಎಂದು ಅದರಲ್ಲಿತ್ತು. ನಾನು ಸಹಿ ಹಾಕಿದೆ. ಕೆಳಗೆ ಅವರೂ ಹಾಕಿದರು.

ಸದಾನಂದಣ್ಣನಿಗೆ ವಿವರಣೆ ಕೇಳಿ ಪತ್ರ ಹೋಯಿತು. ಉತ್ತರ ಸಮಾಧಾನಕರ ಅಲ್ಲದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂಬ ಸಾಲು ಅದರಲ್ಲಿತ್ತು. ಅವರ ನಿವೃತ್ತಿಗೆ ಎಂಟು ತಿಂಗಳಿತ್ತು. ಅಂದಿನಿಂದ ಅವರನ್ನು ಹೊರಗಿನ ಕೆಲಸಕ್ಕೆ ಕಳಿಸಲಿಲ್ಲ. ಫೈಲುಗಳ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ನನ್ನ ಜೊತೆ ಜಗಳ ಮಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ತಾವಾಗಿ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ.

ಒಂದೂವರೆ ತಿಂಗಳ ಮೇಲೆ ಒಂದು ನಕ್ಷೆ ಕೊಡಲೆಂದು ನಾನು ಮಲಾಡಿಗೆ ಹೋದೆ. ಗೇಟಿನ ಒಳಗೆ ಗೋಡೆಯ ಬದಿಗೆ ದಿಮ್ಮಿಗಳನ್ನು ಪೇರಿಸಿಟ್ಟಿದ್ದರು. ಹದಿನೇಳನೇ ಮರಕ್ಕೆ ಅನುಮತಿ ಬಂದು, ಕಡಿದು ನಾಲ್ಕು ದಿನವಾಗಿತ್ತು. ಒಂದು ದಿಮ್ಮಿಯ ಮೇಲೆ ಬಿಳಿ ಪೇಂಟಿನ ನಂಬರ್ ಇತ್ತು. ಏಳಕ್ಕೆ ನಡುವೆ ಗೀರು ಹಾಕುವುದು ಸದಾನಂದಣ್ಣನ ಅಭ್ಯಾಸ. ನಂಬರನ್ನು ನಾವು ಎದೆಮಟ್ಟದಲ್ಲೇ ಬರೆಯುತ್ತಿದ್ದೆವು, ಅಂದರೆ ನಾನು ಅಳೆದ ಜಾಗ ಆ ದಿಮ್ಮಿಯಲ್ಲೇ ಇತ್ತು. ನಂಬರಿಗೆ ನಾಲ್ಕು ಬೆರಳು ಮೇಲೆ ಗರಗಸ ಹಾದಿತ್ತು. ಕೊಯ್ದ ಮುಖ ಹಳದಿಯಾಗಿ, ಗಟ್ಟಿಯಾಗಿ ಇತ್ತು. ನಡುವಿನವರೆಗೂ ಒಂದು ಟೊಳ್ಳಿಲ್ಲ, ಒಂದು ಕಪ್ಪು ಕಲೆಯಿಲ್ಲ.

ಅದರ ಆಕಾರ ಗುಂಡಗಿರಲಿಲ್ಲ, ಮೊಟ್ಟೆಯ ಹಾಗಿತ್ತು. ಚೀಲದಿಂದ ಸ್ಟೀಲ್ ಟೇಪು ತೆಗೆದು ಅಡ್ಡ ಅಳೆದೆ, ಐವತ್ತೆರಡು. ಉದ್ದಕ್ಕೆ ಅಳೆದೆ, ಅರವತ್ತಾರು. ಆಮೇಲೆ ದಿಮ್ಮಿಯ ಕೆಳಗೆ ಕೈ ಹಾಕಿ ಟೇಪನ್ನು ಸುತ್ತಿದೆ. ನೂರಾ ಎಂಬತ್ತಾರು ಬಂತು.

ಆಗಿದ್ದು ಇಷ್ಟು. ಗೋಡೆಯ ಪಕ್ಕದ ಮರಗಳು ಬೆಳಕು ಹುಡುಕುತ್ತ ಅಂಗಳದ ಕಡೆ ವಾಲಿದ್ದವು. ವಾಲಿದ ಮರ ವಾಲಿದ ದಿಕ್ಕಿಗೇ ಹೆಚ್ಚು ದಪ್ಪವಾಗುತ್ತದೆ. ಕ್ಯಾಲಿಪರಿನಲ್ಲಿ ಅಂಥ ಮರವನ್ನು ಎರಡು ದಿಕ್ಕಿನಿಂದ ಅಳೆದು ಸರಾಸರಿ ತೆಗೆಯಬೇಕೆಂದು ಅದರ ಜೊತೆ ಬಂದ ಕಾಗದದಲ್ಲೇ ಬರೆದಿತ್ತು. ಎರಡನೆಯ ದಿಕ್ಕಿಗೆ ಒಂದು ತೋಳು ಗೋಡೆ ಮತ್ತು ಮರದ ನಡುವಿನ ಸಂದಿಗೆ ಹೋಗಬೇಕು. ಆ ಸಂದಿ ಕಸದಿಂದ ತುಂಬಿತ್ತು. ನಾನು ಎದುರು ನಿಂತು ಒಂದೇ ದಿಕ್ಕು ಅಳೆದು ಮುಂದಿನ ಮರಕ್ಕೆ ಹೋಗಿದ್ದೆ. ಉಳಿದ ಒಂದು ಸೆಂಟಿಮೀಟರನ್ನು ಸಡಿಲ ತೋಳು ತಿಂದಿತ್ತು. ಮರಕ್ಕೆ ಒತ್ತಿದಾಗ ಅದು ಹೊರಕ್ಕೆ ಬಾಗಿ ಕಡಿಮೆ ತೋರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಫೈಲುಗಳ ಕೋಣೆಗೆ ಹೋದೆ. ಸದಾನಂದಣ್ಣ ತಲೆಯೆತ್ತಿ ನೋಡಿದರು.

"ಮಲಾಡದಾಗ ಮಾವಿನಮರ ಕಡದಾರ್ರಿ," ಎಂದೆ. "ದಿಮ್ಮಿ ಅಳದೆ. ತಪ್ಪು ನಂದ ಐತಿ."

"ಸುತ್ತು ಎಷ್ಟು ಬಂತು?"

"ನೂರಾ ಎಂಬತ್ತಾರು."

ಅವರು ಕೈಯಲ್ಲಿದ್ದ ಫೈಲಿನ ದಾರ ಬಿಗಿದರು. "ಹಾಗಾದರೆ ಬೆಳೆದಿತ್ತು," ಎಂದರು.

ನನಗೆ ಬೈಗುಳ ಬೇಕಾಗಿತ್ತು, ಅದು ಸಿಗಲಿಲ್ಲ. ಉಳಿದ ಹತ್ತು ಮರಗಳನ್ನು ಇಬ್ಬರೂ ಸೇರಿ ಅಳೆಯೋಣ ಬನ್ನಿ ಎಂದು ಕರೆದೆ. ಹೊರಗಿನ ಕೆಲಸ ತಮಗೆ ಇಲ್ಲವೆಂದರು. ರವಿವಾರ ಹೋಗೋಣ, ಕೆಲಸವೆಂದಲ್ಲ ಎಂದೆ. ಒಪ್ಪಿದರು.

ರವಿವಾರ ದಾದರಿನಿಂದ ಲೋಕಲ್ ಹಿಡಿದು ಹೋದೆವು. ಟೇಪು, ಕ್ಯಾಲಿಪರ್, ಬಿದಿರಿನ ಕೋಲು ಮೂರೂ ಜೊತೆಗಿದ್ದವು. ಗೋಡೆ ಸಂದಿಯ ಕಸವನ್ನು ನಾನು ಕೈಯಿಂದ ಎಳೆದು ತೆಗೆದೆ. ಪ್ರತಿ ಮರಕ್ಕೂ ಮೊದಲು ಟೇಪು ಸುತ್ತಿ, ಆಮೇಲೆ ತೋಳನ್ನು ನೆಟ್ಟಗೆ ಹಿಡಿದು ಎರಡು ದಿಕ್ಕಿನಿಂದ ಕ್ಯಾಲಿಪರ್ ಹಾಕಿದೆವು. ಎಂಟು ಮರಗಳಲ್ಲಿ ಎರಡೂ ಸಾಧನಗಳು ಹೆಚ್ಚುಕಡಿಮೆ ಒಂದೇ ಅಂಕಿ ಹೇಳಿದವು. ಟೇಪಿನದು ತುಸು ಹೆಚ್ಚು. ಗುಂಡಗಿಲ್ಲದ ಮರಕ್ಕೆ ಟೇಪು ಯಾವಾಗಲೂ ತುಸು ಹೆಚ್ಚೇ ಹೇಳುತ್ತದೆ, ಅದು ಅದರ ಗುಣ. ಎಂಟೂ ಮರಗಳು ನಾಲ್ಕು ವರ್ಷದ ಹಿಂದಿಗಿಂತ ದಪ್ಪವಾಗಿದ್ದವು.

ನೀರಿನ ಪಂಪಿನ ಹಿಂದೆ ಎರಡು ಮರ ಉಳಿದಿದ್ದವು, ಒಂದು ಹಲಸು, ಒಂದು ಬಾದಾಮಿ. ಅಲ್ಲಿ ಹೇಗೆ ಅಳೆದರೂ ಸದಾನಂದಣ್ಣನ ಹಳೆಯ ಅಂಕಿಗಿಂತ ಕಡಿಮೆಯೇ ಬಂತು. ನಾನು ಮೂರನೇ ಸಲ ಟೇಪು ಬಿಚ್ಚುವಾಗ ಅವರು ನನ್ನ ಕೈ ಹಿಡಿದರು.

"ಬಿಡು. ಇವೆರಡನ್ನು ನಾನು ಅಳೆಯಲಿಲ್ಲ. ಆವತ್ತು ಇಲ್ಲಿ ಕಣಜದ ಗೂಡು ಇತ್ತು. ದೂರದಿಂದ ನೋಡಿ ಬರೆದೆ."

"ಗೂಡು ಇತ್ತಂತ ಬರಿತೀನಿ."

"ಬೇಡ. ಅದನ್ನು ಆವತ್ತೇ ಬರೆಯಬೇಕಿತ್ತು. ಈಗ ಬರೆದರೆ ನೆಪ ಆಗ್ತದೆ," ಎಂದರು. "ಎರಡು ನನ್ನ ಹೆಸರಿಗೆ ಹಾಕು, ಒಂಬತ್ತು ನಿನ್ನ ಹೆಸರಿಗೆ."

ಹಾಗೆಯೇ ಬರೆದೆ. ಬರೆಯುವಾಗ ಆ ಎರಡನ್ನು ಬಿಟ್ಟುಬಿಡಬಹುದಿತ್ತು ಎಂದು ನನಗೆ ಅನ್ನಿಸಿದ್ದು ನಿಜ. ಬಿಟ್ಟರೆ ಅವರು ಪೂರ್ತಿ ಪಾರಾಗುತ್ತಿದ್ದರು. ಅವರು ಪಕ್ಕದಲ್ಲೇ ಕುಳಿತು ನಾನು ಬರೆದದ್ದನ್ನು ಓದುತ್ತಿದ್ದರು.

ಸೋಮವಾರ ಸಾಹೇಬರು ಆ ಎರಡು ಪುಟಗಳನ್ನು ಎರಡು ಸಲ ಓದಿದರು. ಮಾವಿನಮರದ ಕಾಗದದಲ್ಲಿ ತಮ್ಮ ಸಹಿಯೂ ಇದ್ದದ್ದು ಅವರಿಗೆ ನೆನಪಿತ್ತು.

"ನಾನೂ ಕೇಳಲಿಲ್ಲ ನೋಡು," ಎಂದರು. "ಎಷ್ಟು ದಿಕ್ಕಿನಿಂದ ಅಳದಿ, ಯಾವುದರಿಂದ ಅಳದಿ, ಒಂದು ಮಾತು ಕೇಳಿದ್ರ ಆಗ್ತಿತ್ತು."

ಸದಾನಂದಣ್ಣನಿಗೆ ಕೊಟ್ಟ ಪತ್ರವನ್ನು ವಾಪಸು ಪಡೆದರು. ನಮ್ಮಿಬ್ಬರ ಫೈಲಿಗೂ ಒಂದೊಂದು ಎಚ್ಚರಿಕೆ ಸೇರಿತು. ನನ್ನದು ಉದ್ದವಾಗಿತ್ತು. ಆ ತಿಂಗಳಿನಿಂದ ನಮ್ಮ ಪಟ್ಟಿಗಳಲ್ಲಿ ಹೊಸದೊಂದು ಕಾಲಮ್ ಬಂತು, ಯಾವ ಸಾಧನದಿಂದ ಅಳೆಯಲಾಯಿತು ಎಂದು ಬರೆಯಲು. ನೀವು ಇವತ್ತು ಬೇಸರದಿಂದ ತುಂಬುವ ಆ ಕಾಲಮ್ ಬಂದದ್ದು ಹೀಗೆ. ಸದಾನಂದಣ್ಣ ಮತ್ತೆ ಹೊರಗಿನ ಕೆಲಸಕ್ಕೆ ಬಂದು, ಉಳಿದ ಆರೇಳು ತಿಂಗಳು ಮಾಡಿ, ಸರಿಯಾದ ದಿನಕ್ಕೆ ನಿವೃತ್ತರಾದರು.

ಆದರೆ ಸಾಹೇಬರು ಇನ್ನೊಂದು ಮಾತು ಹೇಳಿದ್ದರು. ಸೊಸೈಟಿಯವರಿಗೆ ಕಾಗದ ಕಳಿಸಿದರೆ ಸಾಲದು, ಹೋಗಿ ಹೇಳಿ ಬರಬೇಕು. ಅವರ ಮೀಟಿಂಗ್ ಒಂದು ರವಿವಾರ ಬೆಳಿಗ್ಗೆ ಇತ್ತು. ನಾನೊಬ್ಬನೇ ಹೋಗುತ್ತೇನೆಂದರೂ ಸದಾನಂದಣ್ಣ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದರು.

ಕೆಳಮಹಡಿಯ ಖಾಲಿ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಇಪ್ಪತ್ತು ಇಪ್ಪತ್ತೈದು ಜನ ಕುಳಿತಿದ್ದರು. ಸೆಕ್ರೆಟರಿ ನಮ್ಮ ವಿಷಯವನ್ನು ಮೊದಲು ತೆಗೆದುಕೊಂಡರು. ನಾನು ಎದ್ದು ನಿಂತು ಹಿಂದಿಯಲ್ಲಿ ಹೇಳಿದೆ. ಮಾವಿನಮರ ಕುಗ್ಗಿರಲಿಲ್ಲ, ಒಳಗೆ ಕೆಟ್ಟಿರಲಿಲ್ಲ, ನಾನು ಅಳೆದದ್ದು ತಪ್ಪಾಗಿತ್ತು. ಕ್ಯಾಲಿಪರ್ ಹೇಗೆ ಹಿಡಿಯಬೇಕಿತ್ತು ಎಂದು ವಿವರಿಸಲು ಹೊರಟೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಕಂಡು ನಿಲ್ಲಿಸಿದೆ. ಆಗ ಯಾರೂ ಕೇಳದಿದ್ದರೂ ಸದಾನಂದಣ್ಣ ಎದ್ದು, ಪಂಪಿನ ಹಿಂದಿನ ಎರಡು ಮರಗಳ ಹಳೆಯ ಅಂಕಿ ತಮ್ಮ ಅಂದಾಜು, ಅದು ತಮ್ಮ ತಪ್ಪು ಎಂದು ಹೇಳಿ ಕುಳಿತರು.

"ಠೀಕ್ ಹೈ, ಅಬ್ ತೋ ಹೋ ಗಯಾ," ಎಂದರು ಸೆಕ್ರೆಟರಿ. ಆಗಿದ್ದು ಆಯಿತು ಎಂದು. ಒಬ್ಬಿಬ್ಬರು ತಲೆಯಾಡಿಸಿದರು.

ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದರು. ಆಮೇಲೆ ತಿಳಿಯಿತು, ಹೆಸರು ಯಶೋದಕ್ಕ. ಮನೆಯವರದು ಮೊದಲು ಸ್ಟೇಷನ್ ಹತ್ತಿರ ಹೋಟೆಲ್ ಇತ್ತಂತೆ. ಆ ಮಾವಿನಮರ ಅವರ ಕಿಟಕಿಯ ಎದುರಿನದು. ಬಾಗಿಲಲ್ಲಿ ನಾವಿಬ್ಬರು ಮಾತಾಡಿದ್ದು ಅವರ ಕಿವಿಗೆ ಬಿದ್ದಿರಬೇಕು. ಕುರ್ಚಿಯಲ್ಲೇ ತಿರುಗಿ ನಮ್ಮನ್ನು ನೋಡಿ ಕನ್ನಡದಲ್ಲಿ ಕೇಳಿದರು.

"ಅದು ಸತ್ತದೆ ಅಂತ ಯಾರಪ್ಪಾ ನಿಮಗೆ ಹೇಳಿದ್ದು? ಈ ವರ್ಷ ಸಹ ಕಾಯಿ ಬಿಟ್ಟಿತ್ತಲ್ಲ. ನನ್ನ ಭರಣಿಯಲ್ಲಿ ಅದರ ಉಪ್ಪಿನಕಾಯಿ ಇನ್ನೂ ಉಂಟು. ನೀವು ಬಂದಿದ್ರಿ, ಅಳೆದ್ರಿ, ಹೋದ್ರಿ. ನಾನು ಕಿಟಕಿಯಲ್ಲೇ ಇದ್ದೆ. ಒಂದು ಮಾತು ನನ್ನತ್ರ ಕೇಳಬಾರದಿತ್ತಾ?"

ಕಿಟಕಿಯಲ್ಲಿ ಒಬ್ಬರು ನಿಂತಿದ್ದದ್ದು ನನಗೆ ನೆನಪಿತ್ತು. ಬೆಳಕಿಗೆ ಅಡ್ಡವಾಗಿದ್ದೀನೇನೋ ಎಂದು ಒಂದು ಹೆಜ್ಜೆ ಸರಿದು ಅಳೆದಿದ್ದೆ.

"ಕೇಳಬೇಕಾಗಿತ್ರಿ ಅಕ್ಕಾರ," ಎಂದೆ.

ಕೋಣೆಯಲ್ಲಿ ಉಳಿದವರಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಮಾತು ಮುಗಿಯಿತೇ ಎಂದು ಸೆಕ್ರೆಟರಿ ಒಂದು ಕ್ಷಣ ಕಾದರು. ಆಮೇಲೆ ಮುಂದಿನ ವಿಷಯ ಓದಿದರು. ಲಿಫ್ಟ್ ರಿಪೇರಿ. ಅದು ಮುಗಿಯುವವರೆಗೂ ನಾವಿಬ್ಬರೂ ಕುಳಿತೇ ಇದ್ದೆವು. ನಡುವೆ ಎದ್ದು ಹೋಗುವುದು ಸರಿ ಕಾಣಲಿಲ್ಲ.